ಹೂಳಿನಲ್ಲಿ ಉಳಿದ ಸಾಕ್ಷಿ

ಯಾರ ಸಾಕ್ಷ್ಯವನ್ನು ನಂಬಬೇಕು? ನ್ಯಾಯಾಲಯದಲ್ಲೂ ಇತಿಹಾಸದಲ್ಲೂ ಇದು ಹಳೆಯ ಪ್ರಶ್ನೆ. ಸಾಕ್ಷಿ ಹೇಳುವವನಿಗೆ ಅದರಿಂದ ಲಾಭವಿದೆ ಎಂದು ತಿಳಿದರೆ ನಾವು ಅವನ ಮಾತನ್ನು ಸ್ವಲ್ಪ ಎಚ್ಚರದಿಂದ ಕೇಳುತ್ತೇವೆ. ಹಾಗಾದರೆ ಏನನ್ನೂ ಹೇಳಬೇಕೆಂಬ ಉದ್ದೇಶವೇ ಇಲ್ಲದ ಸಾಕ್ಷಿಯೊಂದು ಸಿಕ್ಕಿದರೆ? ಅದನ್ನು ಕಣ್ಣು ಮುಚ್ಚಿ ನಂಬಬಹುದೇ?

ಹಾಸನ ಜಿಲ್ಲೆಯ ಕೆರೆಗಳನ್ನು ನೋಡಿದಾಗ ಈ ಪ್ರಶ್ನೆ ಬರೀ ತರ್ಕದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಹೊಯ್ಸಳರ ರಾಜಧಾನಿ ದೋರಸಮುದ್ರ, ಅಂದರೆ ಇಂದಿನ ಹಳೇಬೀಡು, ತನ್ನ ಹೆಸರಿನಲ್ಲೇ ಕೆರೆಯನ್ನು ಹೊತ್ತಿದೆ. ಬೇಲೂರಿನಲ್ಲಿ ವಿಷ್ಣುಸಮುದ್ರವಿದೆ. ಅರಸೀಕೆರೆಯೆಂದರೆ ಅರಸಿಯ ಕೆರೆ. ಬೇಲೂರು ಮಲೆನಾಡಿನ ಅಂಚು, ಅರಸೀಕೆರೆ ತೆಂಗಿನ ತೋಟಗಳ ಬಯಲುಸೀಮೆ. ಇಷ್ಟು ಹತ್ತಿರದಲ್ಲೇ ಮಳೆಯ ನಾಡು ಮುಗಿದು ಒಣನಾಡು ಶುರುವಾಗುತ್ತದೆ. ಮುಂಗಾರು ಸ್ವಲ್ಪ ಹಿಂದೆ ಸರಿದರೂ ಇಲ್ಲಿನವರ ಬದುಕು ಅಲುಗಾಡುತ್ತದೆ.

ಈ ನಾಡಿನ ಬಗ್ಗೆ ಕಲ್ಲು ಬೇಕಾದಷ್ಟು ಹೇಳಿದೆ. 1117ರಲ್ಲಿ ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ. ಹಾಸನ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು 1902ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಐದನೆಯ ಸಂಪುಟವಾಗಿ ಹೊರತಂದರು. ದಾನ ಕೊಟ್ಟವರು, ಪಡೆದವರು, ಯುದ್ಧದಲ್ಲಿ ಮಡಿದವರು ಶಾಸನಗಳಲ್ಲಿದ್ದಾರೆ. ಆದರೆ ಶಾಸನ ಬರೆಸುವವನಿಗೆ ಒಂದು ಉದ್ದೇಶವಿರುತ್ತದೆ. ಮಳೆ ಬಾರದ ವರ್ಷವನ್ನು, ಬತ್ತಿದ ಕೆರೆಯನ್ನು, ಊರು ಬಿಟ್ಟು ಹೋದ ಕೂಲಿಯವನನ್ನು ಕಲ್ಲಿನಲ್ಲಿ ಕೆತ್ತಿಸಲು ಯಾರು ಹಣ ಕೊಡುತ್ತಾರೆ?

ಕೆರೆಯ ತಳದ ಕೆಸರಿಗೆ ಅಂತಹ ಹಂಗಿಲ್ಲ. ಸಂಜೆ ಕೆರೆಯ ಏರಿಯ ಮೇಲೆ ಗುಂಪುಗುಂಪಾಗಿ ಹಾರುವ, ಸೊಳ್ಳೆಯಂತೆ ಕಂಡರೂ ಕಚ್ಚದ ಪುಟ್ಟ ಕೀಟಗಳನ್ನು ನಾವೆಲ್ಲ ನೋಡಿದ್ದೇವೆ. ವಿಜ್ಞಾನಿಗಳು ಇವನ್ನು ಕೈರೊನಾಮಿಡ್ ಎನ್ನುತ್ತಾರೆ. ರೆಕ್ಕೆ ಬಂದ ಮೇಲೆ ಇವು ಬದುಕುವುದು ಕೆಲವೇ ದಿನ. ಅದಕ್ಕೆ ಮೊದಲಿನ ಆಯುಷ್ಯವೆಲ್ಲ ಮರಿಹುಳುವಾಗಿ ಕೆಸರಿನಲ್ಲೇ ಕಳೆಯುತ್ತದೆ. ಬೆಳೆಯುತ್ತಾ ಅದು ಹಲವು ಬಾರಿ ಪೊರೆ ಕಳಚುತ್ತದೆ. ಮೈಯ ಮೆತ್ತನೆಯ ಭಾಗ ಕೊಳೆತುಹೋದರೂ ಕೈಟಿನ್ ಎಂಬ ಗಟ್ಟಿ ವಸ್ತುವಿನಿಂದಾದ ತಲೆಯ ಚಿಪ್ಪು ಸಾವಿರಾರು ವರ್ಷ ಉಳಿಯಬಲ್ಲದು. ಕೆಸರಿನೊಳಗೆ ಕೊಳವೆ ಇಳಿಸಿ ಪದರ ಕೆಡದಂತೆ ಮೇಲೆತ್ತುತ್ತಾರೆ. ಪದರ ಪದರವಾಗಿ ಜರಡಿ ಹಿಡಿದು, ಸೂಕ್ಷ್ಮದರ್ಶಕದ ಕೆಳಗೆ ಚಿಪ್ಪುಗಳನ್ನು ಒಂದೊಂದಾಗಿ ಆರಿಸುತ್ತಾರೆ. ಬಾಯಿಯ ಹಲ್ಲುಗಳ ಆಕಾರದಿಂದ ಅದು ಯಾವ ಜಾತಿಯೆಂದು ಗುರುತಿಸುತ್ತಾರೆ. ಒಂದು ಜಾತಿಗೆ ತಣ್ಣನೆಯ ನೀರು ಬೇಕು, ಇನ್ನೊಂದಕ್ಕೆ ಬೆಚ್ಚನೆಯದು. ಒಂದು ಆಳದಲ್ಲಿರುತ್ತದೆ, ಇನ್ನೊಂದು ದಡದ ಗಿಡಗಳ ನಡುವೆ. ಇಂದಿನ ಕೆರೆಗಳಲ್ಲಿ ಯಾವ ಹವೆಗೆ ಯಾವ ಜಾತಿ ಎಂದು ಲೆಕ್ಕ ಹಾಕಿ, ಆ ಲೆಕ್ಕವನ್ನು ಹಳೆಯ ಪದರಗಳಿಗೆ ಅನ್ವಯಿಸುತ್ತಾರೆ. ಕೆನಡಾದ ಸರೋವರಗಳಲ್ಲಿ ಇಯಾನ್ ವಾಕರ್ ಮತ್ತು ಸಂಗಡಿಗರು 1991ರಲ್ಲಿ ಈ ಲೆಕ್ಕಕ್ಕೆ ಅಂಕಿಗಳ ರೂಪ ಕೊಟ್ಟರು.

ಆದರೆ ಉದ್ದೇಶವಿಲ್ಲದ ಸಾಕ್ಷಿಯೂ ತನಗೆ ಕಂಡಷ್ಟನ್ನೇ ಹೇಳುತ್ತದೆ. ಬ್ರಿಟನ್ನಿನ ರಸೆಲ್ ಕೂಪ್ ಅವರು ಹಳೆಯ ಕೆಸರಿನಲ್ಲಿ ಸಿಕ್ಕ ಜೀರುಂಡೆಗಳ ರೆಕ್ಕೆಕವಚಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದರು. ಹಿಮಯುಗದ ಕೊನೆಯ ಪದರಗಳಲ್ಲಿ ಬೆಚ್ಚನೆಯ ಹವೆಯ ಜೀರುಂಡೆಗಳಿದ್ದವು. ಅದೇ ಪದರದ ಪರಾಗವನ್ನು ನೋಡಿದರೆ ಮರಗಳೇ ಇರಲಿಲ್ಲ. ಹವೆ ಇನ್ನೂ ಚಳಿಯದೆಂದು ಅದು ಸೂಚಿಸುತ್ತಿತ್ತು. ಹಾಗಾದರೆ ಸುಳ್ಳು ಯಾರದು? ಯಾರದೂ ಅಲ್ಲ. ಜೀರುಂಡೆ ಹಾರಿ ಬರುತ್ತದೆ, ಕಾಡು ಬೀಜದಿಂದ ಬೀಜಕ್ಕೆ ನಿಧಾನವಾಗಿ ಹರಡುತ್ತದೆ. ಭೂಮಿ ಬೇಗನೆ ಬಿಸಿಯಾಯಿತು, ಮರಗಳು ತಡವಾಗಿ ಬಂದವು. ಇಬ್ಬರು ಸಾಕ್ಷಿಗಳ ಮಾತು ಹೊಂದದಿದ್ದರೆ ಒಬ್ಬರು ಸುಳ್ಳುಗಾರರೇ ಆಗಬೇಕಿಲ್ಲ ಎಂಬ ಪಾಠ ವಿಜ್ಞಾನಕ್ಕೆ ಮಾತ್ರ ಸೀಮಿತವಲ್ಲ.

ನಮ್ಮ ಕೆರೆಗಳಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಇಲ್ಲಿ ಚಳಿಗಿಂತ ಮಳೆಯೇ ದೊಡ್ಡ ವಿಷಯ. ಹಾಗಾಗಿ ಕೀಟಗಳಿಂದ ಉಷ್ಣಾಂಶಕ್ಕಿಂತ ನೀರಿನ ಆಳ, ಕೊಳಕು, ಉಪ್ಪಿನಂಶಗಳ ಸುದ್ದಿ ಹೆಚ್ಚಾಗಿ ಸಿಗಬಹುದು. ಬೇಸಿಗೆಯಲ್ಲಿ ಬತ್ತಿದ ಕೆರೆಯ ಮಣ್ಣು ಬಿರುಕು ಬಿಡುತ್ತದೆ, ದನಗಳು ತುಳಿಯುತ್ತವೆ, ಪದರಗಳು ಕಲೆಸುತ್ತವೆ. ನೀರು ಇಳಿದದ್ದು ಮಳೆ ಇಲ್ಲದೆಯೋ, ತೂಬು ಒಡೆದೋ ಎಂದು ಹುಳು ಹೇಳುವುದಿಲ್ಲ. ಅದನ್ನು ಹೇಳಲು ಪರಾಗ, ಶಾಸನ, ಗುಹೆಯ ಸುಣ್ಣಗಲ್ಲು ಎಲ್ಲವೂ ಒಟ್ಟಿಗೆ ಬರಬೇಕು.

ಈ ಎಚ್ಚರ ಯಾಕೆ ಬೇಕೆಂಬುದಕ್ಕೆ ಹಳೇಬೀಡೇ ಉದಾಹರಣೆ. 1311ರಲ್ಲಿ ಮಲಿಕ್ ಕಾಫೂರನ ಸೇನೆ ದೋರಸಮುದ್ರಕ್ಕೆ ಬಂದು ಸಂಪತ್ತು ಒಯ್ದದ್ದು ನಿಜ. ಅದಾದ ಮೇಲೂ ಮೂರನೆಯ ಬಲ್ಲಾಳ ಮೂರು ದಶಕ ಆಳಿದ್ದೂ ನಿಜ. ಆದರೆ ಜನಪ್ರಿಯ ಕಥೆಯಲ್ಲಿ ಒಂದು ದಾಳಿಯೇ ಎಲ್ಲಕ್ಕೂ ಉತ್ತರವಾಗುತ್ತದೆ, ಆ ಉತ್ತರದ ಭಾರವನ್ನು ಇಂದಿನ ಯಾರದೋ ತಲೆಯ ಮೇಲೆ ಹೊರಿಸಲಾಗುತ್ತದೆ. ಛತ್ತೀಸಗಢದ ದಂಡಕ್ ಗುಹೆಯ ಸುಣ್ಣಗಲ್ಲಿನ ಬಗ್ಗೆ 2007ರಲ್ಲಿ ಪ್ರಕಟವಾದ ಅಧ್ಯಯನ, ಹದಿನಾಲ್ಕನೆಯ ಶತಮಾನದಲ್ಲಿ ಮಧ್ಯ ಭಾರತದ ಮುಂಗಾರು ತೀವ್ರವಾಗಿ ಕುಗ್ಗಿದ ಅವಧಿಗಳನ್ನು ತೋರಿಸಿತು. ಆ ಶತಮಾನದ ಕೊನೆಯಲ್ಲಿ ದಖ್ಖನ್ನಿನಲ್ಲಿ ದುರ್ಗಾದೇವಿ ಬರಗಾಲ ಬಂತು. ಇದನ್ನು ಓದಿದ ಕೂಡಲೇ, ಸೇನೆಯಲ್ಲ, ಬರವೇ ಹೊಯ್ಸಳರನ್ನು ಮುಗಿಸಿತು ಎಂದು ಹೇಳಿಬಿಡುವ ಆಸೆ ಹುಟ್ಟುತ್ತದೆ. ಆ ಆಸೆಯನ್ನೂ ತಡೆಯಬೇಕು. ನಮಗೆ ಬೇಕಾದ ಉತ್ತರವನ್ನು ಮೂಕ ಸಾಕ್ಷಿಯ ಬಾಯಲ್ಲಿ ತುರುಕುವುದು ಸುಳ್ಳು ಸಾಕ್ಷಿ ಸೃಷ್ಟಿಸಿದಂತೆಯೇ. ಒಂದು ಪಕ್ಷ ಮಾಡಿದರೆ ತಪ್ಪಾಗುವುದು ಇನ್ನೊಂದು ಪಕ್ಷ ಮಾಡಿದಾಗ ಸರಿಯಾಗುವುದಿಲ್ಲ.

ಇನ್ನೊಂದು ಅಪಾಯವೂ ಇದೆ. ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟಿದರೆ ಮನುಷ್ಯನ ಹೊಣೆ ಎಲ್ಲಿ ಉಳಿಯಿತು? ಮಳೆ ಬಾರದಿರುವುದು ನಮ್ಮ ಕೈಯಲ್ಲಿಲ್ಲದಿರಬಹುದು. ಆದರೆ ಇದ್ದ ನೀರನ್ನು ಯಾರು ಹಂಚಿಕೊಂಡರು, ಕಣಜ ಯಾರಿಗೆ ತೆರೆಯಿತು, ಯಾರು ಗುಳೆ ಹೋದರು ಎಂಬುದೆಲ್ಲ ಮನುಷ್ಯರ ತೀರ್ಮಾನ. ಬರ ಪ್ರಕೃತಿಯದು, ಹಸಿವಿನ ಹಂಚಿಕೆ ನಮ್ಮದು. ಹೂಳಿನ ಪದರ ಬರ ಬಂದದ್ದನ್ನಷ್ಟೇ ತೋರಿಸಬಲ್ಲದು. ಅದನ್ನು ನೋಡಿ, ಶಾಸನದಲ್ಲಿ ಹೆಸರಿಲ್ಲದ ಮಣ್ಣು ಹೊತ್ತವರು ಆ ವರ್ಷ ಏನು ತಿಂದಿರಬಹುದು ಎಂದು ಕೇಳಬೇಕಾದವರು ನಾವು.

ಇಂದು ಈ ಸಾಕ್ಷಿಯೇ ಕಣ್ಮರೆಯಾಗುವ ಸ್ಥಿತಿಯಿದೆ. 2002ರಲ್ಲಿ ವಿಶ್ವಬ್ಯಾಂಕ್ ನೆರವಿನ ಸಮುದಾಯ ಆಧಾರಿತ ಕೆರೆ ಯೋಜನೆ ರಾಜ್ಯದಲ್ಲಿ ಆರಂಭವಾಯಿತು. 2005ರಲ್ಲಿ ಉದ್ಯೋಗ ಖಾತರಿ ಕಾಯ್ದೆ ಬಂದ ಮೇಲೆ ಹೂಳೆತ್ತುವುದು ಹಳ್ಳಿಯ ಕೂಲಿಯೂ ಆಯಿತು. ಇದು ಒಳ್ಳೆಯ ಕೆಲಸವೇ. ಕೆರೆಯಲ್ಲಿ ನೀರು ನಿಲ್ಲುತ್ತದೆ, ರೈತನ ಹೊಲಕ್ಕೆ ಗೋಡು ಸಿಗುತ್ತದೆ. ಆದರೆ ಶತಮಾನಗಳ ಕಡತವನ್ನು ಜೆಸಿಬಿ ಒಂದು ವಾರದಲ್ಲಿ ಲಾರಿಗೆ ತುಂಬುತ್ತದೆ. ಇಲ್ಲಿ ಯಾರ ಹಕ್ಕು ದೊಡ್ಡದು? ಬಾಯಾರಿದವನದೋ, ಮುಂದೆ ಹುಟ್ಟಲಿರುವವನ ತಿಳಿವಳಿಕೆಯದೋ?

ಬಾಯಾರಿಕೆಯೇ ಮೊದಲು ಎಂಬುದರಲ್ಲಿ ಸಂಶಯವಿಲ್ಲ. ವಿದ್ವಾಂಸರ ಕುತೂಹಲಕ್ಕಾಗಿ ಅರಸೀಕೆರೆಯ ರೈತ ಒಣಗಿದ ಕೆರೆಯ ಮುಂದೆ ಕೂರಬೇಕಿಲ್ಲ. ಆದರೆ ಇದು ಒಂದನ್ನು ಕೊಂದು ಇನ್ನೊಂದನ್ನು ಉಳಿಸುವ ಸಂಕಟವೂ ಅಲ್ಲ. ಅಗೆಯುವ ಮೊದಲು ಕೆರೆಯ ಆಳದ ಜಾಗದಲ್ಲಿ ಒಂದೆರಡು ಕೊಳವೆ ಇಳಿಸಿ ಮಾದರಿ ತೆಗೆದಿಡಬಹುದು. ಹೂಳಿನ ಒಂದು ಮೂಲೆಯನ್ನು ಹಾಗೆಯೇ ಬಿಡಬಹುದು. ಹತ್ತಿರದ ಕಾಲೇಜು, ಪಂಚಾಯಿತಿ, ಕೆರೆ ಬಳಕೆದಾರರ ಸಂಘ ಸೇರಿದರೆ ಸಾಕು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇಗುಲಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಕಲ್ಲನ್ನು ಕಾಪಾಡುವುದು ಕರ್ತವ್ಯವೆಂದು ನಮಗೀಗ ಗೊತ್ತು. ಅರಸನಿಗೂ ಕೂಲಿಯವನಿಗೂ ಒಂದೇ ನೀರು ಕೊಟ್ಟ ಕೆರೆಯ ಕೆಸರಿಗೂ ಒಂದು ಮಾತು ಹೇಳುವುದಿದೆ. ನಮಗೆ ಅನುಕೂಲವಾಗಲಿ, ಆಗದಿರಲಿ, ಅದನ್ನು ಕೇಳಿಸಿಕೊಳ್ಳುವ ಮೊದಲೇ ಸಾಗಿಸಿಬಿಡುವುದು ನ್ಯಾಯವಲ್ಲ.