ಬೆಳ್ಳಕ್ಕಿಯದು ಯಾವ ಧ್ಯಾನ?

ರಂಗನತಿಟ್ಟಿನಲ್ಲಿ ದೋಣಿ ಬಂಡೆಯ ಬಳಿ ನಿಧಾನಿಸಿತೆಂದರೆ ಕ್ಯಾಮೆರಾಗಳೆಲ್ಲ ಒಟ್ಟಿಗೇ ಮೇಲೇಳುತ್ತವೆ. ಕಾವೇರಿಯ ತೆಳುನೀರಲ್ಲಿ ಚಿಕ್ಕ ಬೆಳ್ಳಕ್ಕಿಯೊಂದು ನಿಂತಿದೆ. ಕಪ್ಪು ಕೊಕ್ಕು, ಕಪ್ಪು ಕಾಲು, ಪಾದ ಮಾತ್ರ ಹಳದಿ. ಆ ಪಾದವನ್ನು ಮುಂದೆ ಚಾಚಿ ತಳದ ಕೆಸರನ್ನು ಗಡಗಡ ನಡುಗಿಸುತ್ತದೆ. ಅಡಗಿದ್ದ ಮರಿಮೀನು ಬೆದರಿ ಕದಲುತ್ತದೆ. ಕತ್ತು ಚಿಮ್ಮಿ ಕೊಕ್ಕು ನೀರಿಗಿಳಿದದ್ದು ಬರಿಗಣ್ಣಿಗೆ ದಕ್ಕುವುದಿಲ್ಲ. ಶಟರ್ ಸೆಕೆಂಡಿನ 2000ದಲ್ಲಿ ಒಂದು ಭಾಗಕ್ಕಿದ್ದರೆ ಮೀನು, ಹನಿ ಎಲ್ಲವೂ ಗಾಳಿಯಲ್ಲಿ ನಿಲ್ಲುತ್ತವೆ. ಬಿಳಿ ಗರಿ ಬಿಸಿಲಲ್ಲಿ ವಿವರ ಕಳೆದುಕೊಳ್ಳದಂತೆ ಎಕ್ಸ್‌ಪೋಷರ್ ತುಸು ತಗ್ಗಿಸಬೇಕಷ್ಟೆ.

ಪಾದವೊಂದು ಬಿಟ್ಟರೆ ಅಲ್ಲಾಡದೆ ನಿಲ್ಲುವ ಈ ಹಕ್ಕಿಯನ್ನು ನಮ್ಮ ಹಿರಿಯರು ನಂಬಿದ್ದು ಕಡಿಮೆ. ಪಂಚತಂತ್ರದ ಬಕಪಕ್ಷಿ, ಬೇರೆ ಕೊಳಕ್ಕೆ ಸಾಗಿಸುತ್ತೇನೆಂದು ಮೀನುಗಳನ್ನು ನಂಬಿಸಿ ತಿಂದು, ಕೊನೆಗೆ ಏಡಿಯ ಕೊಂಡಿಗೆ ಕತ್ತು ಕೊಟ್ಟಿತು. ಮನುಸ್ಮೃತಿಯಂತೂ ಬಕವ್ರತದ, ಅಂದರೆ ಬಕನಂತೆ ತಪಸ್ವಿಯ ಸೋಗು ಹಾಕಿದ, ಬ್ರಾಹ್ಮಣನಿಗೆ ನೀರನ್ನೂ ಕೊಡಬಾರದೆನ್ನುತ್ತದೆ.

ಆದರೆ ತಾನು ತಪಸ್ವಿಯೆಂದು ಹಕ್ಕಿ ಯಾವಾಗ ಹೇಳಿಕೊಂಡಿತ್ತು? ಅದರ ಕೈಗೆ ಜಪಮಾಲೆ ಕೊಟ್ಟವರು ಕಥೆಗಾರರು. ನೀರಲ್ಲಿ ಬೆಳಕು ಬಾಗುವುದರಿಂದ ಮೀನು ಇರುವ ಜಾಗವೇ ಬೇರೆ, ಕಾಣುವ ಜಾಗವೇ ಬೇರೆ. ಆ ವ್ಯತ್ಯಾಸವನ್ನು ಸರಿದೂಗಿಸಿಯೇ ಬೆಳ್ಳಕ್ಕಿ ಕುಕ್ಕುತ್ತದೆ. ಸೋಗಿಗೆ ಅಲ್ಲಿ ಪುರಸೊತ್ತೆಲ್ಲಿ?

ಕೊಲ್ಲಲೆಂದು ಹರಿದ ಏಕಾಗ್ರತೆ ಧ್ಯಾನವಾದೀತೇ ಎಂಬುದು ಮಾತ್ರ ಗಟ್ಟಿ ಪ್ರಶ್ನೆ. ಭಾಗವತದ 11ನೇ ಸ್ಕಂಧದಲ್ಲಿ ಅವಧೂತ ಎಣಿಸುವ 24 ಗುರುಗಳಲ್ಲಿ ಬಾಣ ಮಾಡುವವನೊಬ್ಬನಿದ್ದಾನೆ. ಪಕ್ಕದಲ್ಲೇ ಅರಸ ಹಾದುಹೋದರೂ ಅವನಿಗೆ ಅರಿವಾಗಲಿಲ್ಲ. ಬಾಣ ಇರುವುದೂ ಕೊಲ್ಲಲಿಕ್ಕೇ. ಅವನಿಗೆ ಗುರುಪೀಠ, ಹಕ್ಕಿಗೆ ಬೈಗುಳ! ಮಹಾಭಾರತ ಇನ್ನೂ ಉದಾರ. ತಮ್ಮಂದಿರು ಸತ್ತುಬಿದ್ದ ಕೊಳದ ಬಳಿ ಧರ್ಮರಾಯನನ್ನು ತಡೆದ ದನಿ, ತಾನು ಪಾಚಿ ಮೀನು ತಿಂದು ಬದುಕುವ ಬಕನೆಂದೇ ಮೊದಲು ಪರಿಚಯ ಹೇಳಿಕೊಳ್ಳುತ್ತದೆ. ಆಮೇಲೆ ಯಕ್ಷ, ಕೊನೆಗೆ ಸಾಕ್ಷಾತ್ ಧರ್ಮ.

ಈ ಗೊಂದಲವನ್ನು ಚೆನ್ನಾಗಿ ಬಿಡಿಸಿದವರು ಜೈನರು. ತತ್ತ್ವಾರ್ಥಸೂತ್ರ ಧ್ಯಾನವನ್ನು ಆರ್ತ, ರೌದ್ರ, ಧರ್ಮ್ಯ, ಶುಕ್ಲ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಹಿಂಸೆಯಲ್ಲಿ ನೆಟ್ಟ ಮನಸ್ಸಿನದು ರೌದ್ರ. ಬೇಕಾದದ್ದು ಕೈತಪ್ಪಿತೆಂಬ ಕೊರಗಿನದು ಆರ್ತ. ಎರಡೂ ಧ್ಯಾನವೇ, ಆದರೆ ಬಿಡುಗಡೆಗೆ ಒಯ್ಯುವಂಥವಲ್ಲ. ಈ ಪಟ್ಟಿ ಹಿಡಿದು ದೋಣಿಯತ್ತ ತಿರುಗಿದರೆ, ಫೋಕಸ್ ತಪ್ಪಿದ ಚಿತ್ರವನ್ನೇ ಪರದೆಯಲ್ಲಿ ಮತ್ತೆ ಮತ್ತೆ ಹಿಗ್ಗಿಸಿ ನೋಡುವವರು ಯಾವ ಗುಂಪಿನವರೆಂದು ಬಿಡಿಸಿ ಹೇಳಬೇಕಿಲ್ಲ.

ರೌದ್ರಕ್ಕೂ ಮನುಷ್ಯರ ಕಡೆಯ ಉದಾಹರಣೆ ಉಂಟು. ಸಂತಾನಕಾಲದಲ್ಲಿ ಬೆಳ್ಳಕ್ಕಿಯ ಬೆನ್ನಿನಿಂದ ಇಳಿಬೀಳುವ ಜರಿಯಂಥ ಗರಿಗಾಗಿಯೇ ಈಗ ಲೆನ್ಸುಗಳು ಕಾಯುತ್ತವೆ. 19ನೇ ಶತಮಾನದ ಕೊನೆಗೆ ಅದೇ ಗರಿ ಯುರೋಪ್, ಅಮೆರಿಕದ ಹೆಂಗಸರ ಹ್ಯಾಟಿಗೇರಿತು; ಅದಕ್ಕಾಗಿ ಗೂಡಿನಲ್ಲಿ ಮರಿಯಿದ್ದ ಹಕ್ಕಿಗಳನ್ನೇ ಗುಂಡಿಕ್ಕಿ ಕೊಂದರು. ಭಾರತದಿಂದ ಗರಿಗಳ ರಫ್ತು ನಿಷೇಧವಾದದ್ದು 1902ರಲ್ಲಿ.

ಕ್ಯಾಮೆರಾ ಯಾರನ್ನೂ ಕೊಲ್ಲುವುದಿಲ್ಲ, ನಿಜ. ಆದರೆ ಗೂಡಿಗೆ ತೀರ ಹತ್ತಿರ ಹೋದರೆ ತಾಯಿ ಹಾರಿಹೋಗುತ್ತದೆ, ಮೊಟ್ಟೆ ಕಾಗೆಯ ಪಾಲಾಗುತ್ತದೆ. ಕಾಯುವ ತಾಳ್ಮೆಯಿಲ್ಲದೆ ಜೀವಂತ ಮೀನನ್ನು ಹಕ್ಕಿಯ ಮುಂದೆಸೆದು ಕ್ಲಿಕ್ಕಿಸಿ, ಅದನ್ನು ಕಾಡಿನ ಸಹಜ ಕ್ಷಣವೆಂದು ತೋರಿಸುವವರೂ ಉಂಟು. ಕಥೆಗಾರರು ಹಕ್ಕಿಯ ಮೇಲೆ ಹೊರಿಸಿದ ಸೋಗು ಇದ್ದರೆ ಅಲ್ಲಿದೆ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವನ್ಯಜೀವಿ ಛಾಯಾಗ್ರಹಣ ಸ್ಪರ್ಧೆಯಂತೂ ಜೀವಂತ ಆಮಿಷವೊಡ್ಡಿ ತೆಗೆದ ಚಿತ್ರಗಳನ್ನು ಸ್ವೀಕರಿಸುವುದೇ ಇಲ್ಲ.