ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ

ದಿನಪತ್ರಿಕೆಗಳ ಒಳಪುಟದಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗುವ ಹರಾಜು ಪ್ರಕಟಣೆಗಳನ್ನು ನಾವು ಸಾಮಾನ್ಯವಾಗಿ ಓದುವುದಿಲ್ಲ. ಒಮ್ಮೆ ಓದಿ ನೋಡಿ. ಟ್ರ್ಯಾಕ್ಟರ್, ಟಿಪ್ಪರ್, ಹತ್ತು ಚಕ್ರದ ಲಾರಿ. ನೋಂದಣಿ ಸಂಖ್ಯೆ, ತಯಾರಾದ ವರ್ಷ, ಮೂಲಬೆಲೆ, ಮುಂಚಿತವಾಗಿ ಕಟ್ಟಬೇಕಾದ ಠೇವಣಿ. ಕೊನೆಯಲ್ಲಿ ಒಂದು ಷರತ್ತು: ವಾಹನಗಳನ್ನು ‘ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ’ ಮಾರಲಾಗುವುದು.

ಕಾನೂನಿನ ಭಾಷೆಯಲ್ಲಿ ಇದರ ಅರ್ಥ ಸರಳ. ಕೊಂಡ ಮೇಲೆ ಗೇರ್‌ಬಾಕ್ಸ್ ಕೆಟ್ಟಿದೆ, ಟೈರು ಸವೆದಿದೆ ಎಂದು ದೂರಬೇಡಿ, ನೋಡಿಕೊಂಡೇ ಕೂಗಿ. ಆದರೆ ಈ ಮಾತಿಗೆ ಇನ್ನೊಂದು ಅರ್ಥವೂ ಇದೆ ಅನ್ನಿಸುತ್ತದೆ. ಇದು ಯಾರ ಅಂಗಳದಿಂದ ಬಂತು, ಬರುವ ದಿನ ಅಲ್ಲಿ ಏನಾಯಿತು ಎಂದು ಕೇಳಬೇಡಿ. ಸಾಲ ತೀರಿಸಲಾಗದವನ ಕೈಯಿಂದ ಬಂದ ಟ್ರ್ಯಾಕ್ಟರನ್ನು ಹರಾಜಿನಲ್ಲಿ ಅಗ್ಗಕ್ಕೆ ಕೊಳ್ಳುವುದು ತಪ್ಪೇ? ಕಾನೂನು ಒಪ್ಪುತ್ತದೆ. ಮನಸ್ಸು ಒಪ್ಪುತ್ತದೆಯೇ?

ಟ್ರ್ಯಾಕ್ಟರಿನ ಬದುಕು ಶೋರೂಮಿನಲ್ಲಿ ಶುರುವಾಗುತ್ತದೆ. ಹೂವಿನ ಹಾರ, ಕುಂಕುಮ, ಚಕ್ರದಡಿ ನಿಂಬೆಹಣ್ಣು, ಕೀಲಿ ಹಿಡಿದ ಮಾಲೀಕನ ಫೋಟೊ. ಊರಿಗೆ ಬಂದ ಮೇಲೆ ಹಿಂಬದಿಯಲ್ಲಿ ದೇವರ ಹೆಸರು, ಅದರ ಕೆಳಗೆ ಮಕ್ಕಳ ಹೆಸರು. ಆಯುಧಪೂಜೆಯ ದಿನ ಬೂದುಗುಂಬಳ. ಮನೆಮಂದಿಗೆಲ್ಲ ಅದು ‘ನಮ್ಮ ಗಾಡಿ’. ಆದರೆ ಆರ್‌ಸಿಯಲ್ಲಿ ಮಾಲೀಕನ ಹೆಸರಿನ ಜೊತೆಗೆ ಸಾಲ ಕೊಟ್ಟ ಸಂಸ್ಥೆಯ ಹೆಸರೂ ಇರುತ್ತದೆ. ಕೊನೆಯ ಕಂತು ಮುಗಿದು, ಸಂಸ್ಥೆಯ ಒಪ್ಪಿಗೆ ಪತ್ರ ತಂದು ಆ ಹೆಸರನ್ನು ತೆಗೆಸುವವರೆಗೆ ಗಾಡಿ ಪೂರ್ತಿ ನಮ್ಮದಲ್ಲ. ಕಂತು ಖರೀದಿಯ ಕರಾರಿನಲ್ಲಂತೂ ಕಂತುಗಳೆಲ್ಲ ತೀರುವ ತನಕ ಹಣ ಹಾಕಿದ ಸಂಸ್ಥೆಯೇ ಮಾಲೀಕ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಮತ್ತೆ ಹೇಳಿದೆ. ಹೆಸರು ಬರೆಸಿದವನು ಒಬ್ಬ, ಒಡೆಯ ಇನ್ನೊಬ್ಬ.

ಅದೇ ಕೋರ್ಟು 2007ರಲ್ಲಿ ಇನ್ನೊಂದು ಮಾತನ್ನೂ ಹೇಳಿತ್ತು. ಕಂತು ಬಾಕಿಯಿದ್ದ ಒಂದು ಲಾರಿಯ ಪ್ರಕರಣ ಅದು. ವಾಹನ ವಶಪಡಿಸಿಕೊಳ್ಳಲು ಬ್ಯಾಂಕುಗಳು ಬಲಪ್ರಯೋಗ ಮಾಡುವಂತಿಲ್ಲ, ಕಾನೂನು ಒಪ್ಪಿದ ದಾರಿಯಲ್ಲೇ ಹೋಗಬೇಕು ಎಂದಿತು. ಎರಡು ತೀರ್ಪುಗಳನ್ನು ಜೊತೆಗಿಟ್ಟರೆ ನಮ್ಮ ವ್ಯವಸ್ಥೆಯ ನಿಲುವು ತಿಳಿಯುತ್ತದೆ: ಕಿತ್ತುಕೊಳ್ಳಬಹುದು, ಆದರೆ ಸಭ್ಯವಾಗಿ.

ಕಿತ್ತುಕೊಳ್ಳಲೇಬಾರದ ವಸ್ತುಗಳೂ ಇವೆ ಎಂಬ ತಿಳಿವಳಿಕೆ ಬಹಳ ಹಳೆಯದು. ಬೈಬಲಿನ ಧರ್ಮೋಪದೇಶಕಾಂಡದಲ್ಲಿ ಬೀಸುವ ಕಲ್ಲನ್ನು ಅಡವಿಟ್ಟುಕೊಳ್ಳಬಾರದು ಎಂಬ ಕಟ್ಟಳೆಯಿದೆ. ಅದನ್ನು ಒಯ್ದರೆ ಜೀವವನ್ನೇ ಒತ್ತೆ ಇಟ್ಟುಕೊಂಡಂತೆ. ನಮ್ಮ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲೂ ಇದೇ ವಿವೇಕವಿದೆ. ಕುಶಲಕರ್ಮಿಯ ಉಪಕರಣ, ರೈತನ ಬೇಸಾಯದ ಸಲಕರಣೆ, ಜೀವನಕ್ಕೆ ಬೇಕಾದಷ್ಟು ದನಕರು, ಬಿತ್ತನೆ ಕಾಳು ಇವುಗಳನ್ನು ಕೋರ್ಟಿನ ಡಿಕ್ರಿಗಾಗಿ ಜಪ್ತಿ ಮಾಡುವಂತಿಲ್ಲ. ಸಾಲಗಾರನನ್ನು ಬರಿಗೈ ಮಾಡಬಹುದು, ಕೈಯನ್ನೇ ಕತ್ತರಿಸಬಾರದು ಎಂಬ ನಿಲುವು ಇದು. ಆದರೆ ಯಾವ ಸಾಲದಿಂದ ಕೊಂಡಿತೋ ಆ ಸಾಲಕ್ಕೇ ಒತ್ತೆಯಾಗಿರುವ ಟ್ರ್ಯಾಕ್ಟರಿಗೆ ಸಾಮಾನ್ಯವಾಗಿ ಈ ಆಸರೆ ಸಿಗದು. ನೇಗಿಲು, ಎತ್ತುಗಳ ಜಾಗಕ್ಕೆ ಟ್ರ್ಯಾಕ್ಟರ್ ಬಂತು. ಎತ್ತಿಗಿದ್ದ ರಕ್ಷಣೆ ಅದರ ಜೊತೆ ಬರಲಿಲ್ಲ.

ಹಾಗಾದರೆ ನೆರೆಯವರು ಏನು ಮಾಡಬಹುದು? ಅಮೆರಿಕದ ರೈತರು ಇದಕ್ಕೆ ಒಮ್ಮೆ ವಿಚಿತ್ರ ಉತ್ತರ ಕೊಟ್ಟಿದ್ದರು. ಮಹಾ ಆರ್ಥಿಕ ಕುಸಿತದ ಕಾಲ. ಮುಸುಕಿನ ಜೋಳದ ಬೆಲೆ ಎಷ್ಟು ಇಳಿದಿತ್ತೆಂದರೆ ಕಲ್ಲಿದ್ದಲು ಕೊಳ್ಳುವ ಬದಲು ಜೋಳವನ್ನೇ ಒಲೆಗೆ ಹಾಕಿದವರಿದ್ದರು. ಸಾಲಕ್ಕೆ ಹೊಲಮನೆಗಳು, ದನಗಳು, ಯಂತ್ರಗಳು ಹರಾಜಿಗೆ ಬಂದವು. 1931ರಲ್ಲಿ ನೆಬ್ರಾಸ್ಕಾದ ಮ್ಯಾಡಿಸನ್ ಕೌಂಟಿಯ ಒಂದು ಹೊಲದಲ್ಲಿ ಹರಾಜು ನಡೆದಾಗ ಸುತ್ತಲಿನ ರೈತರೆಲ್ಲ ಬಂದು ನಿಂತರು. ಒಂದೊಂದು ವಸ್ತುವಿಗೂ ಕೆಲವೇ ಸೆಂಟುಗಳ ಕೂಗು, ಅದರ ಮೇಲೆ ಕೂಗುವವರಿಲ್ಲ. ಇಡೀ ಹರಾಜಿಗೆ ಹುಟ್ಟಿದ್ದು 5 ಡಾಲರ್ 35 ಸೆಂಟು. ಕೊಂಡವರು ಎಲ್ಲವನ್ನೂ ಆ ಕುಟುಂಬಕ್ಕೇ ಹಿಂದಿರುಗಿಸಿದರು. ಇಂಥವುಗಳಿಗೆ ‘ಪೆನ್ನಿ ಹರಾಜು’ ಎಂದು ಹೆಸರಾಯಿತು. ಕಾಸಿನ ಹರಾಜು ಎನ್ನೋಣ.

ಕಥೆ ಕೇಳಲು ಚೆಂದ. ಆದರೆ ಹೊರಗಿನವನೊಬ್ಬ ಬಂದು ಹೆಚ್ಚಿಗೆ ಕೂಗಿದ್ದರೆ? ಅದಕ್ಕೂ ವ್ಯವಸ್ಥೆಯಿತ್ತು. ಕೆಲವು ಕಡೆ ಕೊಟ್ಟಿಗೆಯ ತೊಲೆಗೆ ಉರುಳು ಹಗ್ಗ ನೇತುಹಾಕಿರುತ್ತಿದ್ದರು. 1933ರ ಏಪ್ರಿಲ್‌ನಲ್ಲಿ ಅಯೋವಾದ ಲೆ ಮಾರ್ಸ್ ಎಂಬ ಊರಿನಲ್ಲಿ ಜನ ನ್ಯಾಯಾಧೀಶರೊಬ್ಬರನ್ನು ಕೋರ್ಟಿನಿಂದ ಎಳೆದೊಯ್ದು ಕುತ್ತಿಗೆಗೆ ಹಗ್ಗ ಹಾಕಿ ಬೆದರಿಸಿದರು. ಅವರ ಜೀವ ಉಳಿಯಿತು, ರಾಜ್ಯಪಾಲರು ಸೇನೆ ಕರೆಸಬೇಕಾಯಿತು. ನೆರೆಯವನ ಮೇಲಿನ ಪ್ರೀತಿಯೂ ಅಪರಿಚಿತನ ಮೇಲಿನ ಬೆದರಿಕೆಯೂ ಅಲ್ಲಿ ಒಂದೇ ಗುಂಪಿನಲ್ಲಿ ನಿಂತಿದ್ದವು. ಆ ಒತ್ತಡದ ನಡುವೆಯೇ ಹಲವು ರಾಜ್ಯಗಳು ಸಾಲದ ಹರಾಜುಗಳನ್ನು ಮುಂದೂಡುವ ಕಾನೂನು ತಂದವು. ಮಿನೆಸೋಟದ ಅಂಥ ಕಾನೂನನ್ನು 1934ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕು ಮತಗಳಿಂದ ಎತ್ತಿಹಿಡಿಯಿತು.

ನಮ್ಮಲ್ಲೂ ಇದಕ್ಕೆ ಹತ್ತಿರದ ನೆನಪಿದೆ. 1980ರ ದಶಕದಲ್ಲಿ ರೈತ ಸಂಘದ ಕಾರ್ಯಕರ್ತರು ಸಾಲಕ್ಕಾಗಿ ಜಪ್ತಿ ಮಾಡಿ ಒಯ್ದ ಸಾಮಾನುಗಳನ್ನು ಗುಂಪಾಗಿ ಹೋಗಿ ವಾಪಸು ತರುತ್ತಿದ್ದರು. ಅದಕ್ಕೆ ಅವರಿಟ್ಟ ಹೆಸರು ‘ಮರುಜಪ್ತಿ’. ಅಧಿಕಾರಿಗಳು ಅನುಮತಿಯಿಲ್ಲದೆ ಊರೊಳಗೆ ಬರಬಾರದು ಎಂಬ ಬೋರ್ಡುಗಳು ಹಳ್ಳಿಗಳ ಬಾಗಿಲಲ್ಲಿ ನಿಂತಿದ್ದವು. ನೆಬ್ರಾಸ್ಕಾದವರು ಹರಾಜಿನ ನಿಯಮದೊಳಗೇ ನಿಂತು ಅದನ್ನು ಟೊಳ್ಳು ಮಾಡಿದರು. ನಮ್ಮವರು ನಿಯಮದ ಹೊರಗೆ ನಿಂತು ಪ್ರಶ್ನಿಸಿದರು. ಎರಡೂ ಕಡೆ ನಂಬಿಕೆ ಒಂದೇ: ಸಾಲಗಾರನ ಕಷ್ಟ ಅವನೊಬ್ಬನದಲ್ಲ, ಊರಿನದು.

ಇಷ್ಟು ಓದಿದವರಿಗೆ ಒಂದು ತೀರ್ಮಾನ ಸುಲಭವಾಗಿ ಹೊಳೆಯುತ್ತದೆ. ಸಜ್ಜನನಾದವನು ಜಪ್ತಿಯಾದ ಗಾಡಿಯ ಹರಾಜಿಗೆ ಹೋಗಬಾರದು. ನನ್ನ ಹಾಸ್ಟೆಲಿನ ಗೆಳೆಯರಲ್ಲಿ ಹೆಚ್ಚಿನವರು ಹೇಳಿದ್ದೂ ಇದನ್ನೇ. ಆದರೆ ಇಂದಿನ ಲೆಕ್ಕ ಬೇರೆ.

ಒಂದು ಉದಾಹರಣೆ ಊಹಿಸಿಕೊಳ್ಳೋಣ. ರೈತನೊಬ್ಬನ ಬಾಕಿ 4 ಲಕ್ಷ. ಅವನ ಟ್ರ್ಯಾಕ್ಟರಿಗೆ ಹೊರಗೆ ಮೂರೂವರೆ ಲಕ್ಷ ಸಿಗಬಹುದು. ಹರಾಜಿನಲ್ಲಿ ಅದು ಎರಡೂವರೆಗೆ ಹೋಯಿತು. ಸಾಲ ಅಲ್ಲಿಗೆ ಮುಗಿಯುವುದಿಲ್ಲ. ಉಳಿದ ಒಂದೂವರೆ ಲಕ್ಷ ಅವನ ತಲೆಯ ಮೇಲೇ ಇರುತ್ತದೆ. ಟ್ರ್ಯಾಕ್ಟರ್ ಇಲ್ಲದೆ ಅದನ್ನು ತೀರಿಸಬೇಕು. ಬಾಕಿಗಿಂತ ಹೆಚ್ಚು ಬೆಲೆ ಬಂದರೆ ಮಿಕ್ಕ ಹಣ ಅವನಿಗೆ ಸೇರಬೇಕು. ಅಂದರೆ ಹರಾಜಿನಲ್ಲಿ ಕೊಳ್ಳುವವನು ಉಳಿಸಿದ ಒಂದೊಂದು ರೂಪಾಯಿಯೂ, ಕಣ್ಣಿಗೆ ಕಾಣದ ಇನ್ನೊಬ್ಬನ ಲೆಕ್ಕಕ್ಕೆ ಹೋಗಿ ಕೂರುತ್ತದೆ. ಸಜ್ಜನರೆಲ್ಲ ಮರುಕದಿಂದ ದೂರ ನಿಂತರೆ ಅಲ್ಲಿ ಉಳಿಯುವವರು ಮರುಕವಿಲ್ಲದವರು. ಬೆಲೆ ಇನ್ನೂ ಇಳಿಯುತ್ತದೆ. ನೆಬ್ರಾಸ್ಕಾದಲ್ಲಿ ರೈತನನ್ನು ಉಳಿಸಿದ ಕಡಿಮೆ ಕೂಗು ಇಲ್ಲಿ ಅವನನ್ನು ಮುಳುಗಿಸುತ್ತದೆ.

ಇನ್ನೂ ಒಂದು ತೊಡಕಿದೆ. ‘ನಾವ್ಯಾರೂ ಮೇಲೆ ಕೂಗುವುದು ಬೇಡ’ ಎಂಬ ಒಪ್ಪಂದವನ್ನು ನೆರೆಯ ರೈತರಷ್ಟೇ ಮಾಡಿಕೊಳ್ಳುವುದಿಲ್ಲ. ವ್ಯಾಪಾರಿಗಳೂ ಮಾಡಿಕೊಳ್ಳುತ್ತಾರೆ. ಒಬ್ಬನೇ ಕೂಗಿ ಅಗ್ಗಕ್ಕೆ ಹಿಡಿದು, ಆಮೇಲೆ ಲಾಭ ಹಂಚಿಕೊಳ್ಳುವ ಒಳಒಪ್ಪಂದ ಹರಾಜಿನಷ್ಟೇ ಹಳೆಯದು. ಬ್ರಿಟನ್ನಿನಲ್ಲಿ ಅದನ್ನು ಅಪರಾಧವೆಂದು ಸಾರುವ ಕಾನೂನು 1927ರಲ್ಲೇ ಬಂತು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಕ್ರಿಯೆ: ಕೂಡಿ ನಿಂತು ಸುಮ್ಮನಿರುವುದು. ವಸ್ತು ಕೊನೆಗೆ ಯಾರ ಅಂಗಳಕ್ಕೆ ಹೋಯಿತು ಎಂಬುದರಲ್ಲಿ ಮಾತ್ರ ವ್ಯತ್ಯಾಸ. ಹಾಗಾಗಿ ಕೂಗುವುದು ಸರಿಯೇ, ಸುಮ್ಮನಿರುವುದು ಸರಿಯೇ ಎಂದು ಬರಿದೇ ಕೇಳಿದರೆ ಉತ್ತರ ಸಿಗುವುದಿಲ್ಲ. ನನ್ನ ಕೂಗಿನ ಫಲ ಯಾರಿಗೆ, ಭಾರ ಯಾರಿಗೆ ಎಂದು ಕೇಳಬೇಕು.

ಹರಾಜಿನ ಯಾರ್ಡಿಗೆ ಬರುವವರೆಲ್ಲ ಕಟುಕರೂ ಅಲ್ಲ. ಹೊಸ ಟ್ರ್ಯಾಕ್ಟರಿನ ಬೆಲೆ ಎಟುಕದ ಸಣ್ಣ ರೈತ, ನಾಲ್ಕು ಕಡೆ ಸಾಲ ಮಾಡಿ ಮೊದಲ ಲಾರಿ ಕೊಳ್ಳುತ್ತಿರುವ ಡ್ರೈವರ್ ಅಲ್ಲಿರುತ್ತಾರೆ. ಒಬ್ಬ ಬಡವನ ಸೋಲು ಇನ್ನೊಬ್ಬ ಬಡವನ ಮೊದಲ ಮೆಟ್ಟಿಲಾಗುತ್ತದೆ. ಸಾಲ ಕೊಟ್ಟವರದೂ ಪೂರ್ತಿ ಸ್ವಂತ ಹಣವಲ್ಲ. ಬ್ಯಾಂಕಾದರೆ ಅದರಲ್ಲಿ ನಿಮ್ಮ ಉಳಿತಾಯ ಖಾತೆಯ, ನನ್ನ ಫೆಲೋಶಿಪ್ಪಿನ ಹಣವೂ ಇದೆ. ಹರಾಜಿಗೆ ಹೋಗದ ನಾವೂ ಅದರಿಂದ ಬಡ್ಡಿ ಪಡೆಯುತ್ತೇವೆ. ದೂರ ನಿಂತವನು ಶುದ್ಧ ಎನ್ನಲು ನನಗೆ ಧೈರ್ಯವಿಲ್ಲ.

ಈಗ ಇನ್ನೊಂದು ಬಗೆಯ ಹರಾಜನ್ನು ನೋಡೋಣ. ಜನ ನ್ಯಾಯಾಧೀಶರ ಕುತ್ತಿಗೆಗೆ ಹಗ್ಗ ಹಾಕಿದ ಅದೇ ಅಯೋವಾ ರಾಜ್ಯದ ಡೇವನ್‌ಪೋರ್ಟ್‌ನಲ್ಲಿ ಹಳೆಯ ಟ್ರ್ಯಾಕ್ಟರುಗಳ ದೊಡ್ಡ ಹರಾಜುಗಳು ನಡೆದಿವೆ. ಅಲ್ಲಿಗೆ ಬರುವವರು ಉಳುವುದಕ್ಕಾಗಿ ಕೊಳ್ಳುವವರಲ್ಲ, ಸಂಗ್ರಹಕಾರರು. 1923ರಿಂದ 1953ರವರೆಗೆ ತಯಾರಾದ ಜಾನ್ ಡೀರ್ ಕಂಪನಿಯ ‘ಡಿ’ ಮಾದರಿಯಂಥ ಟ್ರ್ಯಾಕ್ಟರುಗಳು ಅವರಿಗೆ ಪ್ರಿಯ. ಕಾಸಿನ ಹರಾಜುಗಳ ಕಾಲದ ಹೊಲಗಳಲ್ಲಿ ದುಡಿದ ಯಂತ್ರಗಳೇ ಅವು.

ಈ ಹರಾಜಿನಲ್ಲಿ ಬೆಲೆ ಏರಿಸುವುದು ಕಥೆ. ಮೊದಲ ಮಾಲೀಕ ಯಾರು, ಕೊಂಡ ರಸೀದಿ ಇದೆಯೇ, ಎಷ್ಟು ತಲೆಮಾರು ಒಂದೇ ಮನೆಯಲ್ಲಿತ್ತು, ಎಂಜಿನ್ ಸಂಖ್ಯೆಯ ಪಟ್ಟಿ ಮೂಲದ್ದೇ. ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ 1946ರಿಂದ 1956ರವರೆಗೆ ತಯಾರಾದ ಬೂದುಬಣ್ಣದ ಫರ್ಗುಸನ್ ಟ್ರ್ಯಾಕ್ಟರುಗಳನ್ನು ನೆನೆಯಿರಿ. ಆದದ್ದು 5 ಲಕ್ಷಕ್ಕೂ ಹೆಚ್ಚು, ಅಪರೂಪದ ವಸ್ತುವೇನಲ್ಲ. ಆದರೂ 1958ರ ಜನವರಿ 4ರಂದು ಎಡ್ಮಂಡ್ ಹಿಲರಿ ದಕ್ಷಿಣ ಧ್ರುವ ತಲುಪಿದ್ದು ಮಾರ್ಪಡಿಸಿದ ಫರ್ಗುಸನ್‌ಗಳ ಮೇಲೆ ಎಂಬ ನೆನಪು ಅವುಗಳಿಗೆ ಅಂಟಿಕೊಂಡಿದೆ. ನಮ್ಮ ಹಳ್ಳಿಗಳ ಕೆಂಪು ‘ಮ್ಯಾಸಿ’ಯೂ ಅದೇ ವಂಶದ ಕುಡಿ, 1960ರಲ್ಲಿ ಚೆನ್ನೈಯಲ್ಲಿ ಶುರುವಾದ ಟಾಫೆ ಅದನ್ನು ಇಲ್ಲಿಗೆ ತಂದಿತು. ಇನ್ನೂ ಸ್ವಾರಸ್ಯವೆಂದರೆ ಹೊಸ ಬಣ್ಣ ಬಳಿಯದ, ತುಕ್ಕಿನ ಸಮೇತ ಮೂಲದಂತೇ ಉಳಿದ ಗಾಡಿಗೂ ಅಲ್ಲಿ ವಿಶೇಷ ಮರ್ಯಾದೆಯಿದೆ. ‘ಹೇಗಿದೆಯೋ ಹಾಗೆ’ ಎಂಬುದು ಅಲ್ಲಿ ಎಚ್ಚರಿಕೆಯಲ್ಲ, ಹೊಗಳಿಕೆ.

ಜಪ್ತಿಯ ಯಾರ್ಡಿನಲ್ಲಿ ಗಾಡಿಯ ಕಥೆ ಅಳಿಸಿದರೆ ಮಾತ್ರ ಮಾರಾಟ ಸಲೀಸು. ಕೊಂಡವನು ಮೊದಲು ಮಾಡುವ ಕೆಲಸಗಳಲ್ಲಿ ಹಿಂದಿನವನ ಮಕ್ಕಳ ಹೆಸರಿನ ಮೇಲೆ ಬಣ್ಣ ಬಳಿಸುವುದೂ ಒಂದು. ಹಳೆಯ ಗಾಡಿಗಳ ಹರಾಜಿನಲ್ಲಿ ಅಂಥ ಹೆಸರು ಸಿಕ್ಕರೆ ಅದನ್ನು ಜೋಪಾನ ಮಾಡುತ್ತಾರೆ. ಯಾಕೆ ಹೀಗೆ? ಹಳೆಯ ನೋವು ನಮ್ಮಿಂದ ಏನನ್ನೂ ಕೇಳುವುದಿಲ್ಲ. ಅದಕ್ಕೆ ಮರುಗಿದರೆ ನಮ್ಮ ಜೇಬಿಗೆ ಖರ್ಚಿಲ್ಲ, ಮರುಗಿದ ಸಮಾಧಾನವೂ ಸಿಗುತ್ತದೆ. ಇಂದಿನ ನೋವಿಗೆ ವಿಳಾಸವಿದೆ, ಫೋನ್ ನಂಬರಿದೆ, ಉಳಿದ ಬಾಕಿಯಿದೆ. ಆದ್ದರಿಂದಲೇ ಅದರ ಕಥೆ ಕೇಳಲು ನಮಗೆ ಅಂಜಿಕೆ. ವಸ್ತುಗಳಿಗೆ ಬೆಲೆಯಿದೆ, ಮನುಷ್ಯರಿಗಿರುವುದು ಘನತೆ ಎಂದು ಕಾಂಟ್ 1785ರಲ್ಲಿ ಬೇರ್ಪಡಿಸಿ ಹೇಳಿದ. ಆದರೆ ಬದುಕಿನಲ್ಲಿ ಇವೆರಡೂ ಅಷ್ಟು ಸಲೀಸಾಗಿ ಬೇರೆಯಾಗುವುದಿಲ್ಲ. ದುಡಿಮೆಯ ಯಂತ್ರವೊಂದು ಬೆಲೆಯ ಸಾಲಿನಲ್ಲಿ ನಿಂತಾಗ ಅದನ್ನು ನಂಬಿದ್ದವನ ಘನತೆಯೂ ಅದರ ಪಕ್ಕದಲ್ಲೇ ನಿಂತಿರುತ್ತದೆ.

ಹಾಗಾದರೆ ಕೊಳ್ಳುವವನ ಋಣ ಎಷ್ಟು? ಹದಿಮೂರನೇ ಶತಮಾನದ ಥಾಮಸ್ ಅಕ್ವಿನಾಸ್ ನ್ಯಾಯಬೆಲೆಯ ಬಗ್ಗೆ ಯೋಚಿಸುತ್ತ, ಕೊಳ್ಳುವವನಿಗೆ ಗರಜು ಹೆಚ್ಚೆಂದು ಮಾರುವವನು ಬೆಲೆ ಏರಿಸಬಾರದು ಎಂದಿದ್ದ. ಆ ಗರಜು ಮಾರುವವನ ಸ್ವತ್ತಲ್ಲ; ತನ್ನದಲ್ಲದ್ದನ್ನು ಅವನು ಹೇಗೆ ಮಾರಿಯಾನು? ಇದನ್ನು ತಿರುಗಿಸಿ ನೋಡಿದರೆ ಹರಾಜಿಗೂ ಹೊಂದುತ್ತದೆ. ಸಾಲಗಾರನ ಸಂಕಟ ಕೊಳ್ಳುವವನ ಗಳಿಕೆಯಲ್ಲ. ಗಾಡಿ ಹಳೆಯದು, ಟೈರು ಬದಲಿಸಬೇಕು, ಕಾಗದಪತ್ರ ಸರಿಮಾಡಿಸಿಕೊಳ್ಳಬೇಕು ಎಂದು ಬೆಲೆ ಇಳಿಸುವುದು ನ್ಯಾಯ. ಅದರ ಒಡೆಯ ಸೋತಿದ್ದಾನೆ, ಅವನ ಪರ ಮಾತಾಡುವವರಿಲ್ಲ ಎಂಬ ಕಾರಣಕ್ಕೆ ಇಳಿಸುವುದು ನ್ಯಾಯವಲ್ಲ.

ಮೊದಲ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಹರಾಜಿನಲ್ಲಿ ಕೊಳ್ಳುವುದು ತಪ್ಪಲ್ಲ, ಅವನ ಸೋಲನ್ನೇ ರಿಯಾಯಿತಿಯಾಗಿ ಪಡೆಯುವುದು ತಪ್ಪು. ಒಂದು ಸರಳ ಪರೀಕ್ಷೆ ಸಾಕು. ಇದೇ ಬೆಲೆಯನ್ನು ಅವನ ಅಂಗಳದಲ್ಲಿ ನಿಂತು, ಅವನ ಹೆಂಡತಿ ಮಕ್ಕಳೆದುರು ಬಾಯಿಬಿಟ್ಟು ಹೇಳಬಲ್ಲೆನೇ? ಹೇಳಬಲ್ಲೆನಾದರೆ ಕೂಗಬಹುದು. ಹಿಂದೆ ಈ ಪರೀಕ್ಷೆಯನ್ನು ಊರೇ ಮಾಡುತ್ತಿತ್ತು, ಹಲವು ಸಲ ಒರಟಾಗಿ. ಹರಾಜುಗಳು ಮೊಬೈಲಿನ ಪರದೆಗೆ ಬಂದ ಮೇಲೆ ಅಂಗಳವೂ ಇಲ್ಲ, ಅಕ್ಕಪಕ್ಕದವರೂ ಇಲ್ಲ, ತೊಲೆಗೆ ತೂಗುವ ಹಗ್ಗವೂ ಇಲ್ಲ. ಹಗ್ಗ ಹೋದದ್ದು ಒಳ್ಳೆಯದೇ ಆಯಿತು. ಅದರ ಜೊತೆ ಅಂಗಳವೂ ಹೋಗಿರುವುದರಿಂದ, ಸಂಖ್ಯೆ ಒತ್ತುವ ಮುನ್ನ ಆ ಅಂಗಳವನ್ನು ನೆನಪಿಸಿಕೊಳ್ಳುವ ಕೆಲಸ ಈಗ ಒಬ್ಬೊಬ್ಬರ ಪಾಲಿಗೇ ಬಂದಿದೆ.