ಮನೆಗಂದಾಯದ ಮಿತಿ ಮತ್ತು ಶ್ರಾವಕಧರ್ಮ

ಪರಿಗ್ರಹ ಪರಿಮಾಣವ್ರತದ ಅತಿಚಾರಗಳನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಎಣಿಸುವಾಗ ಉಮಾಸ್ವಾಮಿ ಆಚಾರ್ಯರು ಮೊದಲು ಹೆಸರಿಸುವುದು ಕ್ಷೇತ್ರ ಮತ್ತು ವಾಸ್ತುಗಳನ್ನು, ಅಂದರೆ ಹೊಲವನ್ನೂ ಮನೆಯನ್ನೂ. ಬೆಳ್ಳಿ ಬಂಗಾರ, ಧನಧಾನ್ಯಗಳು ಅನಂತರ ಬರುತ್ತವೆ. ಗೃಹಸ್ಥನು ಬಿಟ್ಟಿರಲಾರದ ವಸ್ತುವೂ ಮನೆಯೇ, ಅವನ ಮಮತ್ವವು ಆಳವಾಗಿ ಬೇರೂರುವ ವಸ್ತುವೂ ಮನೆಯೇ. ಅದೇ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳ ಪೈಕಿ ಎರಡು ನಮ್ಮ ಇಂದಿನ ವಿಚಾರಕ್ಕೆ ಸಂಬಂಧಿಸಿವೆ. ಒಂದು, ವಿರುದ್ಧರಾಜ್ಯಾತಿಕ್ರಮ. ರಾಜ್ಯದ ನಿಯಮವನ್ನು ಮೀರಿ ಲಾಭ ಪಡೆಯುವುದು ಇದರ ಅರ್ಥ. ಸುಂಕ ತೆರಿಗೆಗಳನ್ನು ತಪ್ಪಿಸುವುದನ್ನೂ ಇದರಲ್ಲಿ ಸೇರಿಸಿ ಹೇಳುವುದುಂಟು. ಇನ್ನೊಂದು, ಹೀನಾಧಿಕಮಾನೋನ್ಮಾನ. ಕೊಡುವಾಗ ಕಡಿಮೆಯ ಅಳತೆ, ಕೊಳ್ಳುವಾಗ ಹೆಚ್ಚಿನ ಅಳತೆ ಎಂಬ ವ್ಯವಹಾರವಿದು.

ಈಗ ಒಂದು ಪ್ರಶ್ನೆ. ಒಂದೇ ಬೀದಿಯ ಒಂದೇ ಬಗೆಯ ಎರಡು ಮನೆಗಳನ್ನು ರಾಜ್ಯದ ಕಾನೂನೇ ಎರಡು ಅಳತೆಗಳಿಂದ ಅಳೆದರೆ, ಮತ್ತು ಕಡಿಮೆ ಅಳತೆಯ ಫಲವು ನಮಗೆ ದೊರೆತರೆ, ಆಗ ಶ್ರಾವಕನ ಧರ್ಮವೇನು? ನಿಯಮವನ್ನು ಮೀರಿಲ್ಲ, ಆದರೂ ಅಳತೆ ಸಮವಾಗಿಲ್ಲ. ಮನೆಯ ಮೇಲಿನ ತೆರಿಗೆಯ ಏರಿಕೆಗೆ ಮಿತಿ ಹಾಕುವ ಕಾನೂನುಗಳಲ್ಲಿ ಈ ಪ್ರಶ್ನೆ ಅಡಗಿದೆ. ಇದನ್ನು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಉದಾಹರಣೆಯಿಂದ ಪರಿಶೀಲಿಸುವುದು ಉಚಿತ. ಅಲ್ಲಿ ಈ ಮಿತಿಯು ನಾಲ್ಕು ದಶಕಗಳಿಗೂ ಮೀರಿ ಜಾರಿಯಲ್ಲಿದ್ದು ಅದರ ಗುಣದೋಷಗಳೆರಡೂ ಪ್ರಕಟವಾಗಿವೆ. ಅಲ್ಲದೆ ಮಿಲ್ಪಿಟಸ್, ಬ್ಯೂನಾ ಪಾರ್ಕ್ ಮೊದಲಾದ ಊರುಗಳಲ್ಲಿ ಜಿನಮಂದಿರಗಳನ್ನು ಕಟ್ಟಿಕೊಂಡು ನೆಲೆಸಿರುವ ನಮ್ಮ ಸಮಾಜದ ಕುಟುಂಬಗಳು ಈ ಕಾನೂನಿನ ಅಡಿಯಲ್ಲಿಯೇ ಬಾಳುತ್ತಿವೆ.

ಮಿತಿ ಹುಟ್ಟಿದ ಬಗೆ

1960ರ ದಶಕದ ಮಧ್ಯಭಾಗದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಮೌಲ್ಯಮಾಪನಾಧಿಕಾರಿಯು ಲಂಚದ ಪ್ರಕರಣದಲ್ಲಿ ಸಿಕ್ಕಿಬಿದ್ದು ಶಿಕ್ಷೆಗೆ ಗುರಿಯಾದನು. ಹಣ ಕೊಟ್ಟ ವ್ಯಾಪಾರ ಸಂಸ್ಥೆಗಳ ಆಸ್ತಿಗೆ ಕಡಿಮೆ ಬೆಲೆ ಬರೆಯುವ ಅಕ್ರಮವು ಇದರಿಂದ ಬಯಲಾಯಿತು. ಇದನ್ನು ತಡೆಯಲು 1966ರಲ್ಲಿ ರಾಜ್ಯದ ಶಾಸನಸಭೆಯು ಎಲ್ಲ ಆಸ್ತಿಗಳನ್ನೂ ಮಾರುಕಟ್ಟೆ ಬೆಲೆಯ ಒಂದೇ ಪ್ರಮಾಣದಲ್ಲಿ ಅಳೆಯಬೇಕೆಂದು ವಿಧಿಸಿತು. ನ್ಯಾಯವಾದ ವಿಧಿಯೇ ಸರಿ. ಆದರೆ ಅದುವರೆಗೆ ಅಧಿಕಾರಿಗಳು ವಾಸದ ಮನೆಗಳಿಗೆ ಸದ್ದಿಲ್ಲದೆ ತೋರಿಸುತ್ತಿದ್ದ ರಿಯಾಯಿತಿಯೂ ಅದರೊಡನೆ ಹೋಯಿತು. 1970ರ ದಶಕದಲ್ಲಿ ಮನೆಗಳ ಬೆಲೆ ಹಾರಿದಂತೆ ತೆರಿಗೆಯೂ ಹಾರಿತು. ನಿವೃತ್ತಿವೇತನದಿಂದ ಬಾಳುತ್ತಿದ್ದ ವೃದ್ಧರಿಗೆ, ತಾವು ಮಾರಲು ಇಚ್ಛಿಸದ ಮನೆಯ ಬೆಲೆ ಏರಿತೆಂಬ ಒಂದೇ ಕಾರಣಕ್ಕೆ ಅದೇ ಮನೆಯನ್ನು ಮಾರಬೇಕಾದೀತೆಂಬ ಭಯ ಆವರಿಸಿತು.

ಈ ಭಯದ ಉತ್ತರವಾಗಿ ಬಂದುದೇ ಪ್ರಾಪೊಸಿಷನ್ 13 ಎಂಬ ಜನಮತ ಪ್ರಸ್ತಾವ. ಹೋವರ್ಡ್ ಜಾರ್ವಿಸ್ ಮತ್ತು ಪಾಲ್ ಗ್ಯಾನ್ ಎಂಬುವರು ಮುಂದಿಟ್ಟ ಈ ಪ್ರಸ್ತಾವಕ್ಕೆ 1978ರ ಜೂನ್ 6ರಂದು ಮತದಾರರಲ್ಲಿ ಸುಮಾರು ಶೇಕಡ 65ರಷ್ಟು ಮಂದಿ ಒಪ್ಪಿಗೆ ನೀಡಿದರು. ಇದರ ಸಾರ ಇಷ್ಟು: ಮೂಲ ತೆರಿಗೆಯು ಆಸ್ತಿಯ ನಿರ್ಧರಿತ ಮೌಲ್ಯದ ಶೇಕಡ ಒಂದನ್ನು ಮೀರಕೂಡದು, ಹಳೆಯ ಮಾಲೀಕರ ಆಸ್ತಿಗಳಿಗೆ 1975-76ರ ಮೌಲ್ಯವೇ ಆಧಾರ, ಆ ಮೌಲ್ಯವು ವರ್ಷಕ್ಕೆ ಹೆಚ್ಚೆಂದರೆ ಶೇಕಡ ಎರಡರಷ್ಟು ಏರಬಹುದು, ಆಸ್ತಿ ಕೈ ಬದಲಾದಾಗ ಅಥವಾ ಹೊಸದಾಗಿ ಕಟ್ಟಿದಾಗ ಮಾತ್ರ ಮಾರುಕಟ್ಟೆ ಬೆಲೆಯಂತೆ ಮತ್ತೆ ಮೌಲ್ಯಮಾಪನ ಮಾಡತಕ್ಕದ್ದು.

ಈ ಕ್ರಮದಲ್ಲಿ ಅಭಯದಾನದ ಒಂದಂಶವಿದೆ ಎಂಬುದನ್ನು ಮೊದಲು ಒಪ್ಪಬೇಕು. ಮನೆಯ ಬೆಲೆ ವರಮಾನವಲ್ಲ. ಗೋಡೆಯ ಇಟ್ಟಿಗೆಯನ್ನು ಕಿತ್ತು ಕಂದಾಯ ಕಟ್ಟಲಾಗದು. ಹೂವನ್ನು ನೋಯಿಸದೆ ಆಹಾರ ಪಡೆಯುವ ದುಂಬಿಯ ವೃತ್ತಿಯನ್ನು ನಮ್ಮ ಮುನಿಗಳ ಆಹಾರಚರ್ಯೆಗೆ ಆದರ್ಶವಾಗಿ ಹೇಳುತ್ತಾರೆ. ತೆರಿಗೆ ಎತ್ತುವ ರಾಜ್ಯಕ್ಕೂ ಆ ಆದರ್ಶ ಸಲ್ಲುತ್ತದೆ. ವೃದ್ಧ ದಂಪತಿಗಳನ್ನು ಅವರ ಸೂರಿನಿಂದ ಹೊರಡಿಸುವ ತೆರಿಗೆಯು ಲೆಕ್ಕದಲ್ಲಿ ಎಷ್ಟೇ ಸರಿಯಾಗಿದ್ದರೂ ಅದರಲ್ಲಿ ಹಿಂಸೆಯ ಸ್ಪರ್ಶವಿದೆ.

ಎರಡು ಅಳತೆಗಳು

ಆದರೆ ಕಾಲ ಸರಿದಂತೆ ಏನಾಯಿತೆಂಬುದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. 1975ರಲ್ಲಿ 50,000 ಡಾಲರು ಬೆಲೆಯಿದ್ದ ಒಂದು ಮನೆಯನ್ನು ಊಹಿಸೋಣ. ಪ್ರತಿ ವರ್ಷವೂ ಪೂರ್ಣ ಶೇಕಡ ಎರಡರಂತೆ ಏರಿದರೂ 50 ವರ್ಷಗಳ ಅನಂತರ ಅದರ ತೆರಿಗೆಯ ಮೌಲ್ಯ ಸುಮಾರು 1,34,600 ಡಾಲರು. ಶೇಕಡ ಒಂದರಂತೆ ತೆರಿಗೆ 1,346 ಡಾಲರು. ಪಕ್ಕದ ಅಂತಹುದೇ ಮನೆಯನ್ನು ಈಗ 10 ಲಕ್ಷ ಡಾಲರು ಕೊಟ್ಟು ಕೊಳ್ಳುವ ಯುವ ಕುಟುಂಬವು ಕಟ್ಟಬೇಕಾದುದು 10,000 ಡಾಲರು. ರಸ್ತೆ ಒಂದೇ, ಶಾಲೆ ಒಂದೇ, ಬೆಂಕಿ ನಂದಿಸಲು ಬರುವ ವಾಹನವೂ ಒಂದೇ. ಭಾರ ಮಾತ್ರ ಏಳು ಪಟ್ಟಿಗೂ ಹೆಚ್ಚು.

ಇದು ಬರಿಯ ಊಹೆಯಲ್ಲ. 1988ರಲ್ಲಿ ಲಾಸ್ ಏಂಜಲೀಸ್‌ನಲ್ಲಿ 1,70,000 ಡಾಲರಿಗೆ ಮನೆ ಕೊಂಡ ಮಹಿಳೆಯೊಬ್ಬರು, 1975ರಿಂದ ಅಂತಹುದೇ ಮನೆಗಳನ್ನು ಹೊಂದಿದ್ದ ಕೆಲವು ನೆರೆಯವರಿಗಿಂತ ತಾವು ಸುಮಾರು ಐದು ಪಟ್ಟು ತೆರಿಗೆ ಕಟ್ಟಬೇಕಾಗಿರುವುದನ್ನು ಕಂಡರು. ಮಾಲಿಬು ಕಡಲತೀರದಲ್ಲಿ 21 ಲಕ್ಷ ಡಾಲರು ಬೆಲೆಬಾಳುವ ಮನೆಯ ಹಳೆಯ ಮಾಲೀಕನು ಕಟ್ಟುವಷ್ಟೇ ತೆರಿಗೆಯನ್ನು ಅವರೂ ಕಟ್ಟಬೇಕಾಗಿತ್ತು. ನಾರ್ಡ್ಲಿಂಗರ್ ವಿರುದ್ಧ ಹಾನ್ ಎಂಬ ಈ ಮೊಕದ್ದಮೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1992ರಲ್ಲಿ, ಎಂಟು ನ್ಯಾಯಮೂರ್ತಿಗಳ ಬಹುಮತದಿಂದ, ಕಾನೂನನ್ನು ಎತ್ತಿಹಿಡಿಯಿತು. ಬಡಾವಣೆಯ ಸ್ಥಿರತೆಯನ್ನು ಕಾಯುವುದು ರಾಜ್ಯಕ್ಕೆ ಯುಕ್ತವಾದ ಉದ್ದೇಶ. ಹೊಸಬನು ತೆರಿಗೆ ಎಷ್ಟೆಂದು ಮೊದಲೇ ತಿಳಿದು ಕೊಳ್ಳುತ್ತಾನೆ, ಬೇಡವಾದರೆ ಬಿಡಬಹುದು, ಹಳಬನಿಗೆ ಆ ಅವಕಾಶವಿಲ್ಲ ಎಂಬುದು ತೀರ್ಪಿನ ತಾತ್ಪರ್ಯ. ನ್ಯಾಯಮೂರ್ತಿ ಸ್ಟೀವನ್ಸ್ ಒಬ್ಬರೇ ಭಿನ್ನಮತ ಬರೆದರು.

ಅನೇಕಾಂತ ದೃಷ್ಟಿಯಿಂದ ನೋಡಿದರೆ ಇಲ್ಲಿ ಮೂರು ನಯಗಳಿವೆ. ಹಳೆಯ ನಿವಾಸಿಯ ನಯದಿಂದ ಮಿತಿಯು ರಕ್ಷಣೆ. ಹೊಸ ನಿವಾಸಿಯ ನಯದಿಂದ ಅದು ತಾರತಮ್ಯ. ಊರಿನ ನಯದಿಂದ ಅದು ಬರಿದಾದ ಬೊಕ್ಕಸ. ಪ್ರಸ್ತಾವ ಜಾರಿಗೆ ಬಂದ ಮೊದಲ ವರ್ಷದಲ್ಲಿಯೇ ಆಸ್ತಿ ತೆರಿಗೆಯ ಹುಟ್ಟುವಳಿ ಅರ್ಧಕ್ಕಿಂತಲೂ ಕೆಳಗಿಳಿದು, ಶಾಲೆ ಗ್ರಂಥಾಲಯಗಳಿಗಾಗಿ ಊರುಗಳು ರಾಜ್ಯ ಸರ್ಕಾರದ ಕೈ ನೋಡುವಂತಾಯಿತು. ಮೂರೂ ಸತ್ಯವೇ. ಆದರೆ ಅನೇಕಾಂತವೆಂದರೆ ಎಲ್ಲರಿಗೂ ಹೌದೆಂದು ಹೇಳಿ ಎದ್ದುಹೋಗುವುದಲ್ಲ. ಯಾವ ಸತ್ಯವು ಎಲ್ಲಿಯವರೆಗೆ ಸಲ್ಲುತ್ತದೆಂದು ಗೆರೆ ಎಳೆಯುವುದೂ ಅದರ ಕೆಲಸವೇ.

ರಕ್ಷಣೆ ಯಾರಿಗೆ, ಎಷ್ಟು ಕಾಲ?

ಆ ಗೆರೆಯನ್ನು ಹೀಗೆ ಎಳೆಯಬಹುದೆಂದು ನಮಗೆ ತೋರುತ್ತದೆ. ಅಭಯವು ಜೀವಕ್ಕೆ ಸಲ್ಲತಕ್ಕದ್ದು, ಜಡವಸ್ತುವಿಗಲ್ಲ. ಮನೆಯಲ್ಲಿ ವಾಸಿಸುವ ವೃದ್ಧೆಗೆ ರಕ್ಷಣೆ ಬೇಕು. ಆಕೆಯ ಮನೆಗೆ, ಆಕೆ ಇಲ್ಲವಾದ ಮೇಲೂ, ಬಾಡಿಗೆ ಬರುತ್ತಿದ್ದರೂ, ಅದೇ ರಕ್ಷಣೆ ಮುಂದುವರಿದರೆ ಅಲ್ಲಿ ಉಳಿಯುವುದು ಪರಿಗ್ರಹದ ಪೋಷಣೆ ಮಾತ್ರ. ಕ್ಯಾಲಿಫೋರ್ನಿಯಾದಲ್ಲಿ ಹಾಗೆಯೇ ಆಯಿತು. 1978ರ ಮಿತಿಯು ವಾಸದ ಮನೆಗಲ್ಲದೆ ಅಂಗಡಿ, ಕಾರ್ಖಾನೆ, ಬಾಡಿಗೆಯ ಕಟ್ಟಡಗಳಿಗೂ ದೊರೆಯಿತು. 1986ರ ಪ್ರಾಪೊಸಿಷನ್ 58 ತಂದೆತಾಯಿಗಳ ಕಡಿಮೆ ಮೌಲ್ಯವು ಮಕ್ಕಳಿಗೆ ಬಳುವಳಿಯಾಗಿ ಬರಲು ದಾರಿ ಮಾಡಿತು. ಮಕ್ಕಳು ಆ ಮನೆಯಲ್ಲಿ ವಾಸಿಸಬೇಕೆಂಬ ನಿಬಂಧನೆಯೂ ಇರಲಿಲ್ಲ. ಹೀಗೆ ದುರ್ಬಲರ ಹೆಸರಿನಲ್ಲಿ ತಂದ ಅನುಕೂಲವು ಸಬಲರ ಸೊತ್ತಾಯಿತು.

ತಿದ್ದುಪಡಿಯ ಪ್ರಯತ್ನವೂ ನಡೆಯದಿರಲಿಲ್ಲ. 2020ರ ನವೆಂಬರಿನಲ್ಲಿ ಅಂಗೀಕೃತವಾದ ಪ್ರಾಪೊಸಿಷನ್ 19, ಮಕ್ಕಳು ಪಿತ್ರಾರ್ಜಿತ ಮನೆಯನ್ನು ತಮ್ಮ ವಾಸದ ಮನೆಯನ್ನಾಗಿ ಮಾಡಿಕೊಂಡರೆ ಮಾತ್ರ, ಅದೂ ಒಂದು ಮಿತಿಯವರೆಗೆ, ಹಳೆಯ ಮೌಲ್ಯವನ್ನು ಉಳಿಸಿಕೊಟ್ಟಿತು. 2021ರ ಫೆಬ್ರವರಿಯಿಂದ ಇದು ಜಾರಿಯಲ್ಲಿದೆ. ದೊಡ್ಡ ವಾಣಿಜ್ಯ ಆಸ್ತಿಗಳನ್ನು ಮಾರುಕಟ್ಟೆ ಬೆಲೆಯಂತೆ ಅಳೆಯಬೇಕೆಂಬ ಪ್ರಾಪೊಸಿಷನ್ 15 ಅದೇ ಚುನಾವಣೆಯಲ್ಲಿ ಅಲ್ಪ ಅಂತರದಿಂದ ಸೋತಿತು. ಫ್ಲಾರಿಡಾ ರಾಜ್ಯವು 1992ರಲ್ಲಿ ಅಂಗೀಕರಿಸಿದ ಮಿತಿಯಾದರೋ ಮಾಲೀಕನು ಸ್ವತಃ ವಾಸಿಸುವ ಮನೆಗೆಂದೇ ಮೊದಲಾಯಿತು.

ಇದಕ್ಕಿಂತಲೂ ಯುಕ್ತವಾದ ಇನ್ನೊಂದು ಉಪಾಯವಿದೆ. ಮಿತವರಮಾನದ ವೃದ್ಧರ ತೆರಿಗೆಯನ್ನು ಸರ್ಕಾರವೇ ಸದ್ಯಕ್ಕೆ ಕಟ್ಟಿ, ಅದನ್ನು ಮನೆಯ ಮೇಲಿನ ಋಣವಾಗಿ ಬರೆದುಕೊಂಡು, ಮನೆ ಮಾರಿದಾಗ ಅಥವಾ ಮಾಲೀಕರು ತೀರಿಕೊಂಡಾಗ ಬಡ್ಡಿಸಹಿತ ಹಿಂಪಡೆಯುವ ಕ್ರಮವದು. ಕ್ಯಾಲಿಫೋರ್ನಿಯಾದಲ್ಲಿಯೂ 62 ವರ್ಷ ತುಂಬಿದವರಿಗೆ ಇಂತಹ ಏರ್ಪಾಟಿದೆ. ಇಲ್ಲಿ ಯಾರೂ ಸೂರು ಕಳೆದುಕೊಳ್ಳುವುದಿಲ್ಲ, ಅಳತೆಯೂ ಎರಡಾಗುವುದಿಲ್ಲ. ಕರುಣೆಯು ಕಾಲಾವಕಾಶದ ರೂಪದಲ್ಲಿ ದೊರೆಯುತ್ತದೆ, ನೆರೆಯವನ ಮೇಲೆ ಹೊರಿಸಿದ ಭಾರದ ರೂಪದಲ್ಲಲ್ಲ.

ಅಂತಹ ಸುಧಾರಣೆ ಬರುವ ತನಕ ಮಿತಿಯ ಲಾಭ ಪಡೆಯುವ ಶ್ರಾವಕನು ದೋಷಿಯೆ? ಅಲ್ಲವೆಂದೇ ಹೇಳಬೇಕು. ಅವನು ರಾಜ್ಯದ ನಿಯಮವನ್ನು ಮೀರಿಲ್ಲ, ಯಾರನ್ನೂ ವಂಚಿಸಿಲ್ಲ. ಆದರೆ ಅತಿಚಾರವಿಲ್ಲವೆಂದ ಮಾತ್ರಕ್ಕೆ ಕರ್ತವ್ಯ ಮುಗಿಯಿತೆಂದಲ್ಲ. ಉಳಿದ ಹಣವು ತನ್ನ ದುಡಿಮೆಯಿಂದ ಬಂದುದಲ್ಲ, ಹೊಸದಾಗಿ ಬಂದ ನೆರೆಯವನು ಹೆಚ್ಚು ಹೊತ್ತುದರಿಂದ ಉಳಿದದ್ದು ಎಂಬ ಅರಿವು ಅವನಿಗಿರಬೇಕು. ಆ ಅರಿವು ದಾನವಾಗಿ ಹೊರಬರಬೇಕು. ನ್ಯಾಯವಾದ ತಿದ್ದುಪಡಿ ಬಂದಾಗ ತನ್ನ ಅನುಕೂಲ ಕಳೆಯುವುದೆಂಬ ಕಾರಣದಿಂದ ಅದನ್ನು ವಿರೋಧಿಸದಿರುವ ಧೈರ್ಯವೂ ಬರಬೇಕು. ಎರಡನೆಯದೇ ಕಠಿನವಾದದ್ದು.

ನಮ್ಮ ಕೈಯಲ್ಲಿರುವ ಅಳತೆಗೋಲು

ಕ್ಯಾಲಿಫೋರ್ನಿಯಾದಲ್ಲಿ ಅಳತೆಗೋಲು ಕಾನೂನಿನ ಕೈಯಲ್ಲಿದೆ. ಬೆಂಗಳೂರಿನಲ್ಲಿಯಾದರೋ ಅದು ಮನೆಯ ಯಜಮಾನನ ಕೈಗೇ ಬಂದಿದೆ. 2000ದಲ್ಲಿ ಅಂದಿನ ಮಹಾನಗರ ಪಾಲಿಕೆಯು ಸ್ವಯಂ ತೆರಿಗೆ ನಿರ್ಧಾರ ಪದ್ಧತಿಯನ್ನು ತಂದಿತು. 2008ರಲ್ಲಿ ಬಡಾವಣೆಗಳನ್ನು ವಲಯಗಳಾಗಿ ವಿಂಗಡಿಸಿ ಚದರಡಿಗೆ ಇಷ್ಟೆಂದು ದರ ಗೊತ್ತುಪಡಿಸಲಾಯಿತು. ಸ್ವಂತ ವಾಸದ ಭಾಗಕ್ಕೆ ಕಡಿಮೆ ದರ, ಬಾಡಿಗೆಗೆ ಕೊಟ್ಟ ಭಾಗಕ್ಕೆ ಹೆಚ್ಚಿನ ದರ. ಎಷ್ಟು ಚದರಡಿ, ಯಾವ ಭಾಗ ಬಾಡಿಗೆಗೆ ಎಂಬುದನ್ನು ನಾವೇ ಬರೆದು ಸಹಿ ಹಾಕುತ್ತೇವೆ. ಮೇಲಿನ ಅಂತಸ್ತನ್ನು ಬಾಡಿಗೆಗೆ ಕೊಟ್ಟು ಸ್ವಂತ ವಾಸವೆಂದು ಬರೆದರೆ, ಕಟ್ಟಿದ ಅಳತೆಗಿಂತ ಕಡಿಮೆ ತೋರಿಸಿದರೆ, ಅದು ಚತುರತೆಯಲ್ಲ. ಅಲ್ಲಿ ವಿರುದ್ಧರಾಜ್ಯಾತಿಕ್ರಮವೂ ಹೀನಮಾನವೂ ಒಂದೇ ಹಾಳೆಯ ಮೇಲೆ ಕೂಡಿವೆ. ಅಂಗಡಿಯ ತಕ್ಕಡಿಯನ್ನು ಶುದ್ಧವಾಗಿಟ್ಟುಕೊಂಡ ಮನೆತನಗಳು ಈ ತಕ್ಕಡಿಯನ್ನೂ ನೋಡಿಕೊಳ್ಳಬೇಕು.

ನಮ್ಮ ಬಸದಿ, ಮಂದಿರಗಳ ಟ್ರಸ್ಟುಗಳಿಗೂ ಒಂದು ಮಾತು. ಪೂಜಾಸ್ಥಾನಗಳಿಗೆ ಆಸ್ತಿ ತೆರಿಗೆಯಿಂದ ವಿನಾಯಿತಿಯಿದೆ. ಅದು ಊರಿನ ಎಲ್ಲ ಮತಸ್ಥರೂ ಸೇರಿ ನಮಗೆ ಕೊಟ್ಟ ದಾನ. ಪೂಜೆಗೆ ಕೊಟ್ಟ ವಿನಾಯಿತಿಯ ನೆರಳಿನಲ್ಲಿ ಬಾಡಿಗೆಯ ಮಳಿಗೆಗಳನ್ನೂ ಕಲ್ಯಾಣಮಂಟಪವನ್ನೂ ಅಡಗಿಸಿಡುವುದು ಆ ದಾನಕ್ಕೆ ಮಾಡುವ ಅಪಚಾರ.

ಈ ಸಂದರ್ಭದಲ್ಲಿ ಬುಕ್ಕರಾಯನ 1368ರ ಶ್ರವಣಬೆಳಗೊಳದ ಶಾಸನವನ್ನು ಸ್ಮರಿಸುವುದು ಉಚಿತ. ಜೈನರಿಗೂ ಶ್ರೀವೈಷ್ಣವರಿಗೂ ಒದಗಿದ್ದ ವಿವಾದವನ್ನು ಅರಸನು ಪರಿಹರಿಸಿದ ಮೇಲೆ, ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣದಂತೆ ಸಂಗ್ರಹಿಸಿ, ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಮಂದಿಯನ್ನು ನೇಮಿಸಿ, ಉಳಿದುದರಿಂದ ಜೀರ್ಣ ಜಿನಾಲಯಗಳನ್ನು ಸರಿಪಡಿಸಬೇಕೆಂದು ಅಲ್ಲಿ ಏರ್ಪಾಟಾಯಿತು. ಆ ವಂತಿಗೆಯಲ್ಲಿ ಎರಡು ಗುಣಗಳಿದ್ದವು: ಹಳೆಯ ಮನೆ ಹೊಸ ಮನೆ ಎಂಬ ಭೇದವಿಲ್ಲದ ಒಂದೇ ಅಳತೆ, ಮತ್ತು ಹಣವು ಯಾವುದಕ್ಕೆ ಎಂಬ ಸ್ಪಷ್ಟತೆ. ಬಡವನಿಗೂ ಸಿರಿವಂತನಿಗೂ ಒಂದೇ ಹಣವೆಂಬುದು ಇಂದಿನ ನ್ಯಾಯಕ್ಕೆ ಸಾಲದು; ಆದರೆ ಆ ಎರಡು ಗುಣಗಳನ್ನು ಇಂದಿನ ಕಾನೂನುಗಳೂ ಕಲಿಯಬಹುದು.

ಮುಂದಿನ ದಶಲಕ್ಷಣ ಪರ್ವದಲ್ಲಿ, ಉತ್ತಮ ಆಕಿಂಚನ್ಯದ ದಿನ, ಪ್ರತಿಯೊಂದು ಕುಟುಂಬವೂ ತನ್ನ ಮನೆಗಂದಾಯದ ರಸೀದಿಯನ್ನು ತೆಗೆದು ನೋಡಲಿ. ಬರೆದ ಅಳತೆ ನಿಜವೆ? ಕಾನೂನಿನ ಮಿತಿಯಿಂದ ತನಗೆ ಉಳಿದದ್ದೆಷ್ಟು? ಆ ಉಳಿತಾಯದಲ್ಲಿ ಒಂದು ಪಾಲು ಅದೇ ಊರಿನ ಶಾಲೆಗೋ ಗ್ರಂಥಾಲಯಕ್ಕೋ ಸಲ್ಲಲಿ. ಮನೆಯ ಗೋಡೆ ನಮ್ಮದು. ಅದರ ಬೆಲೆಯನ್ನು ಏರಿಸಿದ್ದು ಊರು. ಊರಿನ ಋಣವನ್ನು ಒಂದೇ ಅಳತೆಯಿಂದ ತೀರಿಸುವುದು ಗೃಹಸ್ಥನಿಗೆ ಶ್ರೇಯಸ್ಕರ.